ಬಡಿಸಲು ಹತ್ತು ಜನ ಇದ್ದಾರೆ, ನೀರು ಕಾಯಲು ಯಾರಿದ್ದಾರೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಬಂಧುಗಳೇ,

ಪರೀಕ್ಷೆ ಮುಗಿದು ಮಕ್ಕಳ ಬ್ಯಾಗು ಮೂಲೆ ಸೇರುವ ಕಾಲ ಇದು. ಬೆಂಗಳೂರಿನಿಂದ, ಶಿವಮೊಗ್ಗದಿಂದ, ಹುಬ್ಬಳ್ಳಿಯಿಂದ ಮೊಮ್ಮಕ್ಕಳು ಬರುತ್ತಾರೆ. ಮದುವೆ ಮುಗಿಸಿದವರ ಮನೆಗೆ ಬೀಗರು ಬರುತ್ತಾರೆ. ನಾಮಕರಣ, ಗೃಹಪ್ರವೇಶ, ಜಾತ್ರೆ, ಹರಕೆ ಊಟ ಅಂತ ಒಂದಲ್ಲ ಒಂದು ನೆಪದಲ್ಲಿ ಮನೆ ತುಂಬುತ್ತದೆ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, "ಬಿಸಿಲು ಜಾಸ್ತಿ, ತೋಟದ ಕಡೆ ಹೋಗಿ ನೀರಿಗಿಳಿಯೋಣ ನಡೀರಿ." ಆ ಮಾತು ಬರುವುದಕ್ಕೆ ಮುಂಚೆಯೇ ನೀವು ಮಾಡಿಟ್ಟಿರಬೇಕಾದ ಕೆಲವು ಕೆಲಸಗಳಿವೆ. ಅದನ್ನು ಕೈಮುಗಿದು ಕೇಳಿಕೊಳ್ಳುವುದಕ್ಕೇ ಈ ಮನವಿ.

ನೆಂಟರಿಗೆ ನಿಮ್ಮ ನೀರು ಗೊತ್ತಿಲ್ಲ. ಎಲ್ಲಿ ಮೆಟ್ಟಿಲು ಮುಗಿಯುತ್ತದೆ, ಎಲ್ಲಿ ಪಾಚಿ ಕಟ್ಟಿದೆ, ಹೋದ ವರ್ಷ ಎಲ್ಲಿ ಮಣ್ಣು ತೆಗೆದರು, ಮೋಟಾರಿನ ವೈರು ಯಾವ ಕಡೆಯಿಂದ ಹೋಗಿದೆ, ಇದೆಲ್ಲ ಗೊತ್ತಿರುವುದು ಮನೆಯವರಿಗೆ. ಆದ್ದರಿಂದ ನೀರಿನ ಜವಾಬ್ದಾರಿ ಬಂದವರದ್ದಲ್ಲ, ಕರೆದವರದ್ದು. ಬಾಳೆ ಎಲೆ ಎಷ್ಟು, ಅಡುಗೆಯವರು ಯಾರು, ಬಡಿಸುವವರು ಯಾರು ಎಂದು ವಾರ ಮೊದಲೇ ಕೂತು ಲೆಕ್ಕ ಹಾಕುವ ನಾವು, ನೀರಿನ ಹತ್ತಿರ ಯಾರು ನಿಲ್ಲುತ್ತಾರೆ ಎಂದು ಕೇಳಿಕೊಳ್ಳುವುದೇ ಇಲ್ಲ. ನನ್ನ ಬೇಡಿಕೆ ಅಷ್ಟೇ: ನೀರಿರುವ ಪ್ರತಿಯೊಂದು ಕೂಟಕ್ಕೂ ನೀರು ಕಾಯುವವರು ಒಬ್ಬರು ಇರಬೇಕು. ಹೆಸರು ಹಿಡಿದು ನೇಮಿಸಿರಬೇಕು.

"ಎಲ್ಲರೂ ಇದ್ದಾರಲ್ಲ, ನೋಡ್ಕೋತಾರೆ" ಎನ್ನುವ ಮಾತನ್ನು ದಯವಿಟ್ಟು ಬಿಡಿ. ಎಲ್ಲರೂ ನೋಡುವ ಮಗುವನ್ನು ಯಾರೂ ನೋಡುತ್ತಿರುವುದಿಲ್ಲ. ದೊಡ್ಡಪ್ಪ ನೋಡುತ್ತಾನೆ ಅಂತ ಚಿಕ್ಕಪ್ಪ, ಚಿಕ್ಕಪ್ಪ ಇದ್ದಾನೆ ಅಂತ ಅತ್ತೆ, ಅತ್ತೆ ಇದ್ದಾಳೆ ಅಂತ ತಾಯಿ. ನಮ್ಮ ಕೆರೆಗಳಿಗೆ ಒಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಕಾಲುವೆ ಕಾಯುವುದು ಊರಿನ ಎಲ್ಲರ ಕೆಲಸ ಆಗಿರಲಿಲ್ಲ, ಅವನೊಬ್ಬನ ಹೊಣೆಯಾಗಿತ್ತು. ತಪ್ಪಿದರೆ ಕೇಳಲು ಒಬ್ಬನಿದ್ದ. ಕೂಟದ ದಿನವೂ ಹಾಗೆ ಒಬ್ಬರಿರಲಿ. ಅವರಿಗೆ ಈಜು ಬರಬೇಕು. ಅವರು ಕುಡಿದಿರಬಾರದು. ಮೊಬೈಲು ಬೇರೆಯವರ ಕೈಯಲ್ಲಿರಲಿ. ಕಣ್ಣು ನೀರಿನ ಮೇಲಿಟ್ಟು ಅರ್ಧ ಗಂಟೆ ಕೂತರೆ ಯಾರಿಗಾದರೂ ಬೇಸರ ಬರುತ್ತದೆ, ಆದ್ದರಿಂದ ಅರ್ಧ ಗಂಟೆಗೊಬ್ಬರಂತೆ ಸರದಿ ಇರಲಿ. ಸರದಿ ಬದಲಾಗುವಾಗ "ಇನ್ನು ನೀನು ನೋಡ್ಕೋ" ಎಂದು ಬಾಯಿಬಿಟ್ಟು ಹೇಳಿ, "ಆಯ್ತು" ಅಂತ ಉತ್ತರ ಬಂದ ಮೇಲೆಯೇ ಏಳಬೇಕು. ಹೆಗಲಿಗೊಂದು ಕೆಂಪು ಟವೆಲ್ಲು ಹಾಕಿ ಕೂರಿಸಿದರೆ, ಈಗ ಕಾಯುತ್ತಿರುವವರು ಯಾರು ಎಂದು ಬಂದವರಿಗೆಲ್ಲ ತಿಳಿಯುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ ಕೂಗುವುದಿಲ್ಲ. ಕೂಗಲು ಉಸಿರೇ ಇರುವುದಿಲ್ಲ. ಮೈ ನೀರಲ್ಲಿ ನೆಟ್ಟಗೆ ನಿಂತಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗಿ ಮಾಡುತ್ತಿರುತ್ತದೆ. ಎರಡೂ ಕೈ ಅಕ್ಕಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ, ಮೆಟ್ಟಿಲಿಲ್ಲದ ಏಣಿ ಹತ್ತುವವರ ಹಾಗೆ. ದೂರದಿಂದ ನೋಡಿದವರಿಗೆ ಮಗು ಆಟ ಆಡುತ್ತಿದೆ ಎನಿಸುತ್ತದೆ. ಸಣ್ಣ ಮಗುವಾದರೆ ಇದು ಅರ್ಧ ನಿಮಿಷದಲ್ಲೇ ಮುಗಿಯಬಹುದು. ಅದರ ಮೇಲೆ ಪಕ್ಕದಲ್ಲಿ ಸ್ಪೀಕರು ಹಾಕಿಕೊಂಡು ಕುಣಿಯುತ್ತಿದ್ದರೆ, ಬಿದ್ದ ಸದ್ದೂ ಕೇಳಿಸುವುದಿಲ್ಲ. ಮಕ್ಕಳು ನೀರಲ್ಲಿರುವಷ್ಟು ಹೊತ್ತು ಹಾಡು ನಿಲ್ಲಿಸಿ. ಗದ್ದಲ ಮಾಡುತ್ತಿದ್ದ ಮಗು ಸುಮ್ಮನಾಯಿತು ಎಂದರೆ ಕೂಡಲೇ ತಿರುಗಿ ನೋಡಿ.

ನಮ್ಮ ನಾಲ್ಕು ತಾಲ್ಲೂಕಿನ ನೀರು ಒಂದೇ ಥರದ್ದಲ್ಲ. ಚನ್ನಗಿರಿಯಲ್ಲಿ ಅಡಿಕೆ ಕೈಹಿಡಿದವರು ತೋಟದ ಮನೆ ಕಟ್ಟಿಸಿ, ಪಕ್ಕದಲ್ಲಿ ನೀಲಿ ಟೈಲ್ಸಿನ ಈಜುಕೊಳ ಮಾಡಿಸಿಕೊಳ್ಳುವುದು ಅಲ್ಲಲ್ಲಿ ಶುರುವಾಗಿದೆ. ಕೊಳ ಕಟ್ಟಿಸಿದ್ದು ಸಂತೋಷವೇ. ಆದರೆ ಸುತ್ತ ನಾಲ್ಕೂ ಕಡೆ ಬೇಲಿ ಇಲ್ಲದ ಕೊಳಕ್ಕೆ ಮಕ್ಕಳನ್ನು ಕರೆಯಬೇಡಿ. ನಾಲ್ಕಡಿ ಎತ್ತರ, ಮಕ್ಕಳು ಹತ್ತಲು ಆಗದ ಹಾಗೆ, ತಾನಾಗಿ ಮುಚ್ಚಿಕೊಳ್ಳುವ ಗೇಟು. ಕಬ್ಬಿಣದ್ದೇ ಆಗಬೇಕೆಂದಿಲ್ಲ. ನಿಮ್ಮ ತೋಟದಲ್ಲೇ ಅಡಿಕೆ ದಬ್ಬೆ ಬೇಕಾದಷ್ಟು ಸಿಗುತ್ತದೆ, ಒತ್ತೊತ್ತಾಗಿ ನೆಟ್ಟು ಕಟ್ಟಿದರೆ ಸಾಕು. ಮನೆಯ ಹಿಂಬಾಗಿಲು ನೇರ ಕೊಳಕ್ಕೆ ತೆರೆದುಕೊಂಡಿದ್ದರೆ, ಆ ಬಾಗಿಲಿನ ಚಿಲಕ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿರಲಿ. ಆಟ ಮುಗಿದ ಮೇಲೆ ಚೆಂಡು, ಬಾತುಕೋಳಿ, ಟ್ಯೂಬು ಯಾವುದನ್ನೂ ನೀರಲ್ಲಿ ತೇಲಲು ಬಿಡಬೇಡಿ, ಎಲ್ಲರೂ ಊಟಕ್ಕೆ ಕೂತಾಗ ಮೂರು ವರ್ಷದ ಮಗು ಹೋಗುವುದು ಅದರ ಆಸೆಗೇ.

ಆಳ ಎಲ್ಲಿ ಶುರುವಾಗುತ್ತದೆ ಎನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ, ಅಡ್ಡಲಾಗಿ ಒಂದು ಹಗ್ಗ ಕಟ್ಟಿ. 2024ರ ನವೆಂಬರ್ 17ರ ಭಾನುವಾರ ಉಳ್ಳಾಲದ ಹತ್ತಿರ ಸೋಮೇಶ್ವರದ ರೆಸಾರ್ಟೊಂದರಲ್ಲಿ ಆದದ್ದು ನಿಮಗೆ ನೆನಪಿರಬಹುದು. ಮೈಸೂರಿನಿಂದ ರಜೆಗೆ ಬಂದ ಮೂವರು ಹೆಣ್ಣುಮಕ್ಕಳು, ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಯಾರಿಗೂ ಈಜು ಬರುತ್ತಿರಲಿಲ್ಲ. ಕೊಳದ ಒಂದು ಕಡೆ ಆಳ ಸುಮಾರು ಆರು ಅಡಿ. ಒಬ್ಬಳು ಆಳಕ್ಕೆ ಜಾರಿದಳು, ಅವಳನ್ನು ಹಿಡಿಯಲು ಇನ್ನೊಬ್ಬಳು ಹೋದಳು, ಇಬ್ಬರನ್ನೂ ಎಳೆಯಲು ಮೂರನೆಯವಳು. ಸಮುದ್ರ ಪಕ್ಕದಲ್ಲೇ ಇತ್ತು, ಆದರೆ ಮೂರು ಜೀವ ಹೋದದ್ದು ಆರಡಿ ಕೊಳದಲ್ಲಿ. ನೋಡಿಕೊಳ್ಳಲು ಜೀವರಕ್ಷಕರು ಯಾರೂ ಇರಲಿಲ್ಲ. ಅದಾಗಿ ಒಂದು ತಿಂಗಳೊಳಗೆ ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ತೀರಿಕೊಂಡರು. ಎರಡೂ ಕಡೆ ಹೋದವರು ಊರಿಗೆ ಹೊಸಬರು, ಎರಡೂ ಕಡೆ ಹೆಣ್ಣುಮಕ್ಕಳು. ನಮ್ಮ ಹಳ್ಳಿಗಳಲ್ಲಿ ಗಂಡುಮಕ್ಕಳು ಬೆನ್ನಿಗೆ ಬೆಂಡು ಕಟ್ಟಿಕೊಂಡೋ, ಸೋರೆಬುರುಡೆ ಹಿಡಿದೋ ಬಾವಿಯಲ್ಲಿ ಈಜು ಕಲಿತುಬಿಡುತ್ತಾರೆ. ಹೆಣ್ಣುಮಕ್ಕಳನ್ನು ದಡದಲ್ಲಿ ಬಟ್ಟೆ ಒಗೆಯಲು ಕೂರಿಸಿ ಬೆಳೆಸಿದ್ದೇವೆ. ಈ ಅನ್ಯಾಯ ನಿಲ್ಲಬೇಕು. ಈಜು ಕಲಿಸುವಾಗ ಮಗಳನ್ನೂ ಕರೆದುಕೊಂಡು ಹೋಗಿ. ಸೀರೆ, ಚೂಡಿದಾರ, ದುಪಟ್ಟಾದಲ್ಲಿ ಆಳದ ನೀರಿಗಿಳಿಯಲು ಯಾರನ್ನೂ ಬಿಡಬೇಡಿ. ಒದ್ದೆ ಬಟ್ಟೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವರೂ ಕಷ್ಟಪಡುತ್ತಾರೆ.

ಕೊಳದ ನೀರು ತಿಳಿಯಾಗಿದೆಯೋ ಇಲ್ಲವೋ ನೋಡಲು ಸುಲಭದ ದಾರಿಯಿದೆ. ಊಟದ ಸ್ಟೀಲ್ ತಟ್ಟೆಯೊಂದನ್ನು ಆಳವಿರುವ ಕಡೆ ಬಿಡಿ. ತಳ ಸೇರಿದ ಮೇಲೂ ಅದು ಮೇಲಿನಿಂದ ಚೆನ್ನಾಗಿ ಕಾಣಬೇಕು. ಕಾಣದಿದ್ದರೆ ಅವತ್ತು ಯಾರೂ ಇಳಿಯುವುದು ಬೇಡ, ತಟ್ಟೆ ಕಾಣದ ನೀರಲ್ಲಿ ಮಗುವೂ ಕಾಣುವುದಿಲ್ಲ.

ಕರೆಂಟಿನ ಬಗ್ಗೆ ಒಂದು ಮಾತು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ವರ್ತೂರಿನ ಅಪಾರ್ಟ್‌ಮೆಂಟೊಂದರ ಈಜುಕೊಳದ ಬಳಿ ಒಂಬತ್ತು ವರ್ಷದ ಬಾಲಕಿ ಸತ್ತಾಗ ಮೊದಲು ಮುಳುಗಿ ಸತ್ತಳೆಂದೇ ಅಂದುಕೊಂಡಿದ್ದರು. ವಿದ್ಯುತ್ ತಗುಲಿ ಸತ್ತಿದ್ದಾಳೆ ಎಂದು ಆಮೇಲೆ ಗೊತ್ತಾಗಿ, ನಿರ್ವಹಣೆಯ ಹೊಣೆಯಿದ್ದವರನ್ನು ಪೊಲೀಸರು ಬಂಧಿಸಿದರು. ಹುಟ್ಟುಹಬ್ಬ ಅಂತ ಕೊಳದ ಅಂಚಿಗೆ ಸೀರಿಯಲ್ ಲೈಟು ಸುತ್ತುವುದು, ಜಾಯಿಂಟು ಹಾಕಿದ ವೈರನ್ನು ಒದ್ದೆ ನೆಲದ ಮೇಲೆ ಎಳೆಯುವುದು ಬೇಡವೇ ಬೇಡ. ಮೀಟರ್ ಬೋರ್ಡಿಗೆ ಸೋರಿಕೆ ಕಂಡ ಕೂಡಲೇ ಕರೆಂಟು ಕಡಿಯುವ ಆರ್‌ಸಿಸಿಬಿ ಹಾಕಿಸಿ. ಜನ ನೀರಲ್ಲಿರುವಾಗ ಪಂಪು ಆಫ್ ಆಗಿರಲಿ, ಫ್ಯೂಸು ಮನೆಯ ಹಿರಿಯರ ಜೇಬಿನಲ್ಲಿರಲಿ.

ಈಜುಕೊಳ ಇರುವವರು ನೂರಕ್ಕೊಬ್ಬರು. ಕೃಷಿ ಹೊಂಡ ಇರುವವರು ಊರ ತುಂಬ ಇದ್ದೀರಿ. ಜಗಳೂರಿನವರು ಇದನ್ನು ದಯವಿಟ್ಟು ನಿಧಾನವಾಗಿ ಓದಬೇಕು. 2014ರಿಂದೀಚೆಗೆ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿಸಿದ ಹೊಂಡಗಳು ಹತ್ತು ಮೀಟರ್ ಚೌಕದವೂ ಇವೆ, ಇಪ್ಪತ್ತೊಂದು ಮೀಟರ್ ಚೌಕದವೂ ಇವೆ. ಉದ್ದ ಅಗಲ ಏನೇ ಇರಲಿ ಆಳ ಮೂರು ಮೀಟರ್, ಅಂದರೆ ಹತ್ತು ಅಡಿ. ನೀರು ಇಂಗದಿರಲೆಂದು ಒಳಗೆಲ್ಲ ಪಾಲಿಥಿನ್ ಹಾಳೆ ಹೊದಿಸಿರುತ್ತೀರಿ. ಒಮ್ಮೆ ಹೊಂಡದ ದಂಡೆಯ ಮೇಲೆ ಕೂತು, ನೀರಿನ ಅಂಚಿನಲ್ಲಿ ಆ ಹಾಳೆಯ ಮೇಲೆ ಅಂಗೈ ಇಟ್ಟು ನೋಡಿ. ಮಣ್ಣಿನ ತೆಳು ಲೋಳೆ ಕೈಗೆ ಹತ್ತುತ್ತದೆ, ಬೆರಳು ಹಿಡಿತ ಸಿಗದೆ ಜಾರುತ್ತದೆ. ಮೇಕೆ ಬಿದ್ದರೆ ಅದರ ಗೊರಸಿಗೆ ಹಾಳೆ ಹರಿದೀತೇ ಹೊರತು ಅದಕ್ಕೆ ಮೇಲೆ ಬರಲಾಗದು. ಒಳಗಿಳಿದ ಮನುಷ್ಯನದ್ದೂ ಅದೇ ಪಾಡು. ಈಜು ಬಲ್ಲವನು ಅಂಚು ಮುಟ್ಟುತ್ತಾನೆ, ಆದರೆ ಮೇಲೆ ಹತ್ತಲು ಆಗುವುದಿಲ್ಲ, ಜಾರಿ ಜಾರಿ ಸುಸ್ತಾಗಿ ಮುಳುಗುತ್ತಾನೆ. ನದಿಗೂ ಕೆರೆಗೂ ದಡ ಅಂತ ಒಂದಿರುತ್ತದೆ, ಈ ಹೊಂಡಕ್ಕೆ ನಾಲ್ಕು ಇಳಿಜಾರು ಬಿಟ್ಟರೆ ಬೇರೇನಿಲ್ಲ. ಹಾಗಾಗಿ ಕೃಷಿ ಹೊಂಡವನ್ನು ಈಜುಕೊಳ ಮಾಡಿಕೊಳ್ಳಬೇಡಿ. "ನಮ್ಮ ಹೊಂಡ ತುಂಬಿದೆ ನೋಡ್ರಿ" ಅಂತ ನೆಂಟರನ್ನು ತೋರಿಸಲು ಕರೆದೊಯ್ಯುವ ಹೆಮ್ಮೆ ನನಗೆ ಅರ್ಥವಾಗುತ್ತದೆ, ಮಳೆ ನಂಬಿ ಬದುಕುವವರಿಗೆ ತುಂಬಿದ ಹೊಂಡಕ್ಕಿಂತ ದೊಡ್ಡ ಆಸ್ತಿ ಇಲ್ಲ. ತೋರಿಸಿ, ಬೇಲಿಯ ಹೊರಗೆ ನಿಲ್ಲಿಸಿ ತೋರಿಸಿ. ಹೊಂಡದ ಸುತ್ತ ತಂತಿ ಬೇಲಿ ಹಾಕುವುದು ಯೋಜನೆಯಲ್ಲೇ ಸೇರಿದೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಬೇಲಿ ಬರುವ ತನಕ ಕಾಯಬೇಡಿ. ನಾಲ್ಕೂ ಮೂಲೆಯಲ್ಲಿ ಗಟ್ಟಿ ಗೂಟ ಹೊಡೆದು, ಮೊಳಕ್ಕೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ತಳದವರೆಗೆ ಇಳಿಬಿಡಿ. ಹಳೆಯ ಟೈರುಗಳನ್ನು ಒಂದಕ್ಕೊಂದು ಕಟ್ಟಿ ಇಳಿಜಾರಿನ ಮೇಲೆ ಹಾಸಿದರೆ ಅದೇ ಏಣಿಯಾಗುತ್ತದೆ. ಮೇಕೆಯೂ ಉಳಿಯುತ್ತದೆ, ಮಗುವೂ ಉಳಿಯುತ್ತದೆ.

ಜಗಳೂರಿನವರಿಗೆ ಇನ್ನೊಂದು ಮಾತು. ಹರಿಹರ ತಾಲ್ಲೂಕಿನ ದೀಟೂರಿನಿಂದ ತುಂಗಭದ್ರೆಯ ನೀರನ್ನು 57 ಕೆರೆಗಳಿಗೆ ಹರಿಸುವ ಯೋಜನೆ ನೀವು ವರ್ಷಗಟ್ಟಲೆ ಹೋರಾಡಿ ಪಡೆದದ್ದು. ಬರದಲ್ಲಿ ಬೆಳೆದ ಮಕ್ಕಳಿಗೆ ಈಜು ಕಲಿಯಲು ನೀರೇ ಇರಲಿಲ್ಲ. ಈಗ ಅದೇ ಮಕ್ಕಳ ಮುಂದೆ ತುಂಬಿದ ಕೆರೆ ಇದೆ. ನಿನ್ನೆ ಕ್ರಿಕೆಟ್ ಆಡಿದ ಅಂಗಳದಲ್ಲಿ ಇವತ್ತು ಆಳುದ್ದ ನೀರು, ಜೆಸಿಬಿ ಹೂಳು ತೆಗೆದ ಗುಂಡಿಗಳು ಅದರಡಿ ಮುಚ್ಚಿಹೋಗಿವೆ. ಕೆರೆಗೆ ಬಾಗಿನ ಬಿಡುವ ದಿನವೇ ಊರಿನವರೆಲ್ಲ ಸೇರಿ ಆ ಗುಂಡಿಗಳ ಜಾಗಕ್ಕೆ ಕಂಬ ನೆಟ್ಟು ಕೆಂಪು ಬಟ್ಟೆ ಕಟ್ಟಿದರೆ ಎಷ್ಟು ಒಳ್ಳೆಯದು.

ಹೊನ್ನಾಳಿ, ನ್ಯಾಮತಿಯವರಿಗೆ ತುಂಗಭದ್ರೆ ಮನೆ ಮುಂದಿನ ಹೊಳೆ. ರಾಘವೇಂದ್ರ ಸ್ವಾಮಿ ಮಠಕ್ಕೆ ಬರುವವರು, ಕುರುವದ ರಾಮೇಶ್ವರನ ದರ್ಶನಕ್ಕೆ ಬರುವವರು, ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಗೆ ರಾಜ್ಯ ರಾಜ್ಯಗಳಿಂದ ಬರುವ ಬಂಜಾರ ಬಂಧುಗಳು, ಇವರೆಲ್ಲ ನಮ್ಮ ನೆಂಟರೇ. ಬೇಸಿಗೆಯಲ್ಲಿ ಮೊಣಕಾಲುದ್ದ ಹರಿಯುವ ಹೊಳೆ ನೋಡಿ ಅವರು ನಂಬಿಬಿಡುತ್ತಾರೆ. ಮರಳು ತೆಗೆದ ಕಡೆ ಒಂದು ಹೆಜ್ಜೆ ಮೊಣಕಾಲುದ್ದ, ಮುಂದಿನ ಹೆಜ್ಜೆ ತಲೆ ಮುಳುಗುವಷ್ಟು. ಇದು ಗೊತ್ತಿರುವುದು ನಿಮಗೆ ಮಾತ್ರ. ಸ್ನಾನಕ್ಕೆ ಯಾವ ಜಾಗ ಸರಿ ಎಂದು ಕೈ ಹಿಡಿದು ತೋರಿಸಿ. ತೆಪ್ಪ ಹತ್ತಿಸುವವರು ಲೈಫ್ ಜಾಕೆಟ್ ಇಲ್ಲದೆ ಒಬ್ಬರನ್ನೂ ಹತ್ತಿಸಬೇಡಿ, ಅದು ಹತ್ತು ನಿಮಿಷದ ದಾರಿಯೇ ಆಗಿರಲಿ.

ಭದ್ರಾ ನಾಲೆಗೆ ಮಾತ್ರ ಇಷ್ಟು ವಿವರಣೆ ಬೇಡ. ನಾಲೆಯಲ್ಲಿ ಈಜಬೇಡಿ, ನೆಂಟರನ್ನು ಇಳಿಸಬೇಡಿ. ಬೇಸಿಗೆ ಬೆಳೆಗೆ ನೀರು ಬಿಡುವ ತಿಂಗಳುಗಳೂ ಶಾಲೆಗೆ ರಜೆ ಸಿಗುವ ತಿಂಗಳುಗಳೂ ಒಂದೇ ಆಗಿವೆ. ಸಿಮೆಂಟಿನ ಇಳಿಜಾರಿಗೆ ಪಾಚಿ, ಒಳಗೆ ಸೆಳೆತ, ಮುಂದೆ ಸೈಫನ್ನು, ತೂಬು. ಸೂಳೆಕೆರೆಗೆ ಪಿಕ್ನಿಕ್ ಹೋದವರು ಏರಿಯ ಮೇಲಿಂದ ನೀರು ನೋಡಿ, ಗುಡ್ಡದ ಸಿದ್ಧೇಶ್ವರನಿಗೆ ಕೈಮುಗಿದು ಬನ್ನಿ. ಸಿದ್ಧನಾಲೆ, ಬಸವನಾಲೆಗಳ ತೂಬಿನ ಹತ್ತಿರ ಯಾರೂ ಇಳಿಯದಿರಲಿ. ಸಂತೆಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ಸೆಲ್ಫಿಗೆ ಹಿಂದೆ ಹಿಂದೆ ಸರಿಯುವ ಹುಡುಗರ ತೋಳು ಹಿಡಿದು ಎಳೆದುಕೊಳ್ಳಿ, ಬೈದರೂ ಪರವಾಗಿಲ್ಲ.

ಇನ್ನು, ಬಿದ್ದೇಬಿಟ್ಟರೆ? ಹಿಂದೆಯೇ ಧುಮುಕಬೇಡಿ. ಮುಳುಗುವವರು ಕೈಗೆ ಸಿಕ್ಕಿದ್ದನ್ನು ಅಪ್ಪಿಕೊಳ್ಳುತ್ತಾರೆ, ಉಳಿಸಲು ಹೋದವರ ಕುತ್ತಿಗೆಯಾದರೂ ಸರಿ. ಅಣ್ಣ, ತಮ್ಮ, ತಂದೆ ಒಬ್ಬರ ಹಿಂದೊಬ್ಬರು ಹೋದ ಸುದ್ದಿಗಳನ್ನು ಪ್ರತಿ ಬೇಸಿಗೆ ಓದುತ್ತೇವೆ, ಅವೆಲ್ಲ ಪ್ರೀತಿಯಿಂದ ಆದ ಸಾವುಗಳು. ದಡದಲ್ಲಿ ಮಲಗಿ ಬಿದಿರಿನ ಗಳ ಚಾಚಿ. ಅಡಿಕೆ ಕೊಯ್ಯುವ ಅಲ್ಯೂಮಿನಿಯಂ, ಕಾರ್ಬನ್ ದೋಟಿ ಬೇಡ, ಮೇಲಿನ ತಂತಿಗೆ ತಾಗೀತು. ಗಾಳಿ ತುಂಬಿದ ಲಾರಿ ಟ್ಯೂಬಿಗೆ ಹಗ್ಗ ಕಟ್ಟಿ ಎಸೆಯಿರಿ. ಅದೂ ಇಲ್ಲದಿದ್ದರೆ ಮುಚ್ಚಳ ಬಿಗಿದ ಇಪ್ಪತ್ತು ಲೀಟರಿನ ಖಾಲಿ ಕ್ಯಾನು ಎಸೆಯಿರಿ, ಒಬ್ಬರನ್ನು ತೇಲಿಸಲು ಅದು ಸಾಕು. ಗಳ, ಟ್ಯೂಬು, ಹಗ್ಗ ಮೂರೂ ಕೂಟದ ದಿನ ಬೆಳಿಗ್ಗೆಯೇ ನೀರಿನ ಪಕ್ಕ ಇರಲಿ, ಆಮೇಲೆ ಕೊಟ್ಟಿಗೆಯಲ್ಲಿ ಹುಡುಕಲು ಸಮಯ ಇರುವುದಿಲ್ಲ.

ಮೇಲೆತ್ತಿದ ಮೇಲೆ ಮಾಡುವ ತಪ್ಪುಗಳೂ ಜೀವ ತೆಗೆಯುತ್ತವೆ. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ತಾಲ್ಲೂಕಿನ ಸಿರಿವಾರದಲ್ಲಿ ನೀರಲ್ಲಿ ಮುಳುಗಿ ಸತ್ತ ಬಾಲಕನ ದೇಹವನ್ನು ಮನೆಯವರು ಉಪ್ಪಿನ ರಾಶಿಯೊಳಗೆ ಗಂಟೆಗಟ್ಟಲೆ ಇಟ್ಟು ಕಾದರು. ಉಪ್ಪಿನಲ್ಲಿಟ್ಟರೆ ಜೀವ ಬರುತ್ತದೆ ಎಂದು ಮೊಬೈಲಿನಲ್ಲಿ ಬಂದ ಸಂದೇಶ ನಂಬಿದ್ದರು. ಅದರ ಮುಂದಿನ ವರ್ಷ ಹಾವೇರಿ ಜಿಲ್ಲೆಯಲ್ಲೂ ಹೀಗೇ ಆಯಿತು. ಆ ತಂದೆ ತಾಯಿಯನ್ನು ಯಾರೂ ಹಳಿಯಬಾರದು, ಮಗುವಿಗಾಗಿ ಯಾರು ಏನನ್ನು ಮಾಡುವುದಿಲ್ಲ? ಆದರೆ ಆ ಸಂದೇಶ ಸುಳ್ಳು, ನಿಮ್ಮ ಗ್ರೂಪಿಗೆ ಬಂದರೆ ಅಲ್ಲೇ ಅಳಿಸಿ, ಕಳಿಸಿದವರಿಗೂ ತಿಳಿಹೇಳಿ. ಹೆಗಲ ಮೇಲೆ ಹೊತ್ತು ಗರಗರ ತಿರುಗಿಸುವುದು, ತಲೆಕೆಳಗೆ ಹಿಡಿಯುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಕೂಡ ಬೇಡ. ಹೊಟ್ಟೆ ಒತ್ತಿದರೆ ಒಳಗಿನದು ಶ್ವಾಸಕೋಶಕ್ಕೆ ಸೇರುತ್ತದೆ.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಉಸಿರಿಲ್ಲದಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏಳುವಷ್ಟು ಎರಡು ಸಲ ಉಸಿರು ಕೊಡಿ. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ. ಆಮೇಲೆ ಎದೆಯ ನಡುಮಧ್ಯೆ ಎರಡೂ ಅಂಗೈ ಜೋಡಿಸಿ, ಐದು ಸೆಂಟಿಮೀಟರ್ ತಗ್ಗುವ ಹಾಗೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ. ಸಣ್ಣ ಮಗುವಿಗೆ ಒಂದೇ ಕೈ ಸಾಕು. ಮತ್ತೆ ಎರಡು ಉಸಿರು, ಮತ್ತೆ 30. ವಾಂತಿಯಾದರೆ ಪಕ್ಕಕ್ಕೆ ಹೊರಳಿಸಿ ಬಾಯಿ ಒರೆಸಿ ಮುಂದುವರಿಸಿ. ಒಬ್ಬರು ಇದನ್ನು ಮಾಡುವಾಗ ಇನ್ನೊಬ್ಬರು 108ಕ್ಕೋ 112ಕ್ಕೋ ಫೋನು ಹಚ್ಚಲಿ, ಮತ್ತೊಬ್ಬರು ಆಂಬುಲೆನ್ಸಿಗೆ ದಾರಿ ತೋರಿಸಲು ಡಾಂಬರು ರಸ್ತೆಗೆ ಓಡಲಿ. ತೋಟದ ದಾರಿ ಹೊರಗಿನವರಿಗೆ ಸಿಗುವುದಿಲ್ಲ. ಉಸಿರು ನಿಂತ ನಾಲ್ಕಾರು ನಿಮಿಷದಲ್ಲಿ ಮೆದುಳು ಕೆಡಲು ಶುರುವಾಗುತ್ತದೆ. ಚನ್ನಗಿರಿಯಾಗಲಿ ಜಗಳೂರಾಗಲಿ, ದಾವಣಗೆರೆಯ ದೊಡ್ಡಾಸ್ಪತ್ರೆಗೆ ಒಂದು ಗಂಟೆಯ ದಾರಿ. ಆ ನಾಲ್ಕಾರು ನಿಮಿಷಕ್ಕೆ ದಡದಲ್ಲಿರುವ ನೀವೇ ಡಾಕ್ಟರು. ಮುಳುಗಿದವರು ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ತೋರಿಸಲೇಬೇಕು, ಶ್ವಾಸಕೋಶದ ತೊಂದರೆ ಕೆಲವು ಗಂಟೆ ಕಳೆದ ಮೇಲೂ ಕಾಣಿಸಿಕೊಳ್ಳಬಹುದು.

ಕುಡಿತದ ಮಾತನ್ನು ನೇರವಾಗಿ ಹೇಳುತ್ತೇನೆ. ತೋಟದ ಪಾರ್ಟಿಗಳಲ್ಲಿ ಏನು ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಕುಡಿದವರನ್ನು ನೀರಿಗೆ ಬಿಡಬೇಡಿ. ಬೀಗರು ಬೇಸರ ಮಾಡಿಕೊಳ್ಳುತ್ತಾರೆ, ಗೆಳೆಯ ಮುನಿಸಿಕೊಳ್ಳುತ್ತಾನೆ ಎಂದು ಸುಮ್ಮನಿರಬೇಡಿ. ಮುನಿಸು ನಾಲ್ಕು ದಿನದಲ್ಲಿ ಇಳಿಯುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ನಿರ್ಲಕ್ಷ್ಯದಿಂದಾದ ಸಾವಿಗೆ ಶಿಕ್ಷೆ ಹೇಳುತ್ತದೆ. ಆದರೆ ಕಾನೂನಿಗೆ ಹೆದರಿ ನೀವು ಇದನ್ನು ಮಾಡಬೇಕಿಲ್ಲ, ನಿಮ್ಮ ಮನೆ ಊಟ ಉಂಡವರ ತಾಯಿಗೆ ಮುಖ ತೋರಿಸಬೇಕಲ್ಲ, ಅದಕ್ಕಾಗಿ ಮಾಡಿ.

ದೇಶದಲ್ಲಿ 2022ರ ಒಂದೇ ವರ್ಷ ನೀರಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು ಎಂದು ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗು ಸಾವು ತಡೆಯುವ ದಿನ ಎಂದು ಘೋಷಿಸಿತು. ನಮ್ಮಲ್ಲಿ ಆ ದಿನ ಬರುವ ಹೊತ್ತಿಗೆ ಬೇಸಿಗೆ ರಜೆಯೂ ಮುಗಿದಿರುತ್ತದೆ, ಮದುವೆ ಕಾಲವೂ ಮುಗಿದಿರುತ್ತದೆ. ಆದ್ದರಿಂದ ಗ್ರಾಮ ಪಂಚಾಯಿತಿಗಳಲ್ಲಿ ನನ್ನ ಕೋರಿಕೆ, ಯುಗಾದಿಗೆ ಮುಂಚಿನ ಗ್ರಾಮಸಭೆಯಲ್ಲೇ ಈ ವಿಷಯ ಎತ್ತಿ. ನಿಮ್ಮ ವ್ಯಾಪ್ತಿಯ ಬೇಲಿ ಇಲ್ಲದ ಹೊಂಡಗಳ ಪಟ್ಟಿ ಮಾಡಿ. ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ ಎದೆ ಒತ್ತುವುದನ್ನು ಊರಿನ ಯುವಕ ಯುವತಿಯರಿಗೆ ಕಲಿಸಿ. ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ನಡೆಸುವ ಪಂಚಾಯಿತಿಗಳು ಜಾತ್ರೆಯ ದಿನ ಅದನ್ನು ಹೊರಗಿನಿಂದ ಬಂದ ಮಕ್ಕಳಿಗೂ ತೆರೆದಿಡಲಿ. ಚನ್ನಗಿರಿಯ ತುಮ್ಕೋಸ್ ಅಡಿಕೆ ಬೆಳೆಗಾರರ ದೊಡ್ಡ ಸಂಸ್ಥೆ, ಅದು ಸದಸ್ಯರಿಗೆ ಕಡಿಮೆ ಬೆಲೆಗೆ ಲೈಫ್ ಜಾಕೆಟ್ಟು, ಹಗ್ಗ, ತೇಲುಬಳೆ ಒದಗಿಸಿದರೆ ಬೇರೆ ಸಹಕಾರ ಸಂಘಗಳೂ ಹಿಂದೆ ಬರುತ್ತವೆ.

ಅವರು ಮಾಡುವ ತನಕ ನೀವು ಕಾಯಬೇಕಿಲ್ಲ. ಈ ಭಾನುವಾರ ನಿಮ್ಮ ಮನೆಗೆ ನೆಂಟರು ಬರುವುದಿದ್ದರೆ ಶನಿವಾರ ಸಂಜೆಯೇ ಹೊಂಡಕ್ಕೆ ಹಗ್ಗ ಇಳಿಬಿಡಿ, ಕೊಳದ ಗೇಟಿಗೆ ಬೀಗ ಹಾಕಿ, ಟ್ಯೂಬಿಗೆ ಗಾಳಿ ತುಂಬಿಸಿಡಿ. ಬಡಿಸುವವರ ಹೆಸರು ಹೇಳುವಾಗ ನೀರು ಕಾಯುವವರ ಹೆಸರನ್ನೂ ಎಲ್ಲರ ಎದುರು ಹೇಳಿ. ಬೇರೆ ಯಾರೂ ಮುಂದೆ ಬಾರದಿದ್ದರೆ ಮೊದಲ ಅರ್ಧ ಗಂಟೆ ನೀವೇ ಕೂರಿ.